‘ಜನ ಏನಂತಾರೆ’ ಎಂಬ ಲೆಕ್ಕ ತಪ್ಪುವುದೆಲ್ಲಿ?

ಓದುಗರ ಪ್ರಶ್ನೆಗಳು, ತಜ್ಞರ ಉತ್ತರಗಳು

ಪ್ರಶ್ನೆ: ಭಾಷೆ, ಬದುಕುವ ರೀತಿ ಬೇರೆಯಾದರೆ ಯೋಚನೆಯೂ ಬೇರೆಯಾಗುತ್ತದೆ ಎಂದು ಓದಿದ್ದೇನೆ. ಪದವಿ ತರಗತಿಯಲ್ಲಿ ಇದನ್ನು ಮಾಡಿ ತೋರಿಸಲು ಸುಲಭದ ಪರೀಕ್ಷೆ ಇದೆಯೆ?

ಇದೆ. ಎರಡು ಮೇಜು, ಮೂರು ಬೇರೆ ಬೇರೆ ಆಟಿಕೆ ಪ್ರಾಣಿಗಳಿದ್ದರೆ ಸಾಕು. ಮೇಜುಗಳ ನಡುವೆ ನಾಲ್ಕೈದು ಹೆಜ್ಜೆ ಜಾಗ ಬಿಟ್ಟು ಎದುರುಬದುರು ಇಡಿ. ಮೊದಲ ಮೇಜಿನ ಮೇಲೆ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ. ಮೂರರ ಮೂತಿಯೂ ನೋಡುವವರ ಬಲಕ್ಕಿರಲಿ. ‘ಸಾಲನ್ನು ನೆನಪಿಟ್ಟುಕೊಳ್ಳಿ’ ಎಂದು ಹೇಳಿ ಆಟಿಕೆಗಳನ್ನು ತೆಗೆಯಿರಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ಅವರು ಪೂರ್ತಿ ಹಿಂದಕ್ಕೆ ತಿರುಗಿ, ಎರಡನೆಯ ಮೇಜಿನ ಮೇಲೆ ‘ಇದ್ದ ಹಾಗೇ’ ಜೋಡಿಸಲಿ. ಎಡ, ಬಲ, ಪೂರ್ವ, ಪಶ್ಚಿಮ ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಮೂತಿ ಮತ್ತೆ ಬಲಕ್ಕೇ ಇದ್ದರೆ ಅವರು ತಮ್ಮ ಮೈಯನ್ನೇ ಆಧಾರವಾಗಿ ಹಿಡಿದಿದ್ದಾರೆ. ಎಡಕ್ಕೆ ಬಂದರೆ ದಿಕ್ಕನ್ನು ಹಿಡಿದಿದ್ದಾರೆ: ಬಲಗಡೆ ಪೂರ್ವವಾಗಿದ್ದರೆ, ತಿರುಗಿ ನಿಂತಾಗ ಪೂರ್ವ ಎಡಕ್ಕೆ ಬರುತ್ತದಲ್ಲ.

1990ರ ದಶಕದಲ್ಲಿ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಇಂಥ ಪರೀಕ್ಷೆಗಳನ್ನು ಮೆಕ್ಸಿಕೊದ ತೆನೆಹಾಪದ ಸೆಲ್ಟಾಲ್ ಭಾಷಿಕರ ಮೇಲೂ ಡಚ್ ಭಾಷಿಕರ ಮೇಲೂ ನಡೆಸಿದರು. ಡಚ್ಚರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಲವನ್ನು ಬಲವಾಗಿಯೇ ಉಳಿಸಿಕೊಂಡರು. ಸೆಲ್ಟಾಲ್ ಭಾಷಿಕರು ತಮ್ಮ ನೆಲದ ಏರಿಳಿತವನ್ನೇ ದಿಕ್ಕಾಗಿ ಹಿಡಿದು, ಮೇಜಿನ ಮೇಲಿನ ವಸ್ತುವಿಗೂ ‘ಏರಿನ ಕಡೆ’, ‘ಇಳಿಜಾರಿನ ಕಡೆ’ ಎನ್ನುವವರು. ಅವರಲ್ಲಿ ಬಹುಪಾಲು ಜನ ದಿಕ್ಕನ್ನು ಉಳಿಸಿದರು. ಇಬ್ಬರಿಗೂ ತಮ್ಮ ಉತ್ತರವೇ ಸಹಜ.

ಇದು ಕೆಡುವುದು ಸಾಮಾನ್ಯವಾಗಿ ಕಿಟಕಿಯಿಂದ. ಹೊರಗೆ ಮರವೋ ಕಟ್ಟಡವೋ ಎದ್ದು ಕಾಣುತ್ತಿದ್ದರೆ ಎಡಬಲದ ಜನವೂ ಅದನ್ನೇ ಗುರುತಾಗಿ ಹಿಡಿಯುತ್ತಾರೆ. 2002ರಲ್ಲಿ ಪೆಗ್ಗಿ ಲೀ ಮತ್ತು ಲೀಲಾ ಗ್ಲೈಟ್‌ಮನ್ ಇದನ್ನೇ ತೋರಿಸಿ, ಫಲಿತಾಂಶಕ್ಕೆ ಭಾಷೆಯೇ ಕಾರಣ ಎನ್ನುವ ವಾದವನ್ನು ಪ್ರಶ್ನಿಸಿದರು. ಲೆವಿನ್ಸನ್ ತಂಡ ಅದಕ್ಕೆ ಉತ್ತರ ಕೊಟ್ಟಿತು, ಚರ್ಚೆ ಮುಂದುವರಿದಿದೆ. ಆದ್ದರಿಂದ ಪರದೆ ಎಳೆದು ಒಮ್ಮೆ, ತೆರೆದು ಒಮ್ಮೆ ಮಾಡಿ. ಉತ್ತರ ಎರಡೇ ಇರುವುದರಿಂದ ಒಂದೇ ಸಲ ಮಾಡಿದರೆ ಕುರುಡು ಊಹೆಗೂ ಪರಿಣಾಮಕ್ಕೂ ವ್ಯತ್ಯಾಸ ತಿಳಿಯದು. ಒಬ್ಬೊಬ್ಬರಿಗೂ ಕನಿಷ್ಠ ಐದು ಸುತ್ತು ಬೇಕು. ಪ್ರಾಣಿಗಳ ಕ್ರಮವನ್ನೂ ಮೂತಿಯ ಕಡೆಯನ್ನೂ ಪ್ರತಿ ಸುತ್ತಿಗೂ ಬದಲಿಸಿ. ಸರದಿಗಾಗಿ ಕಾಯುವವರು ಕೋಣೆಯ ಹೊರಗಿರಲಿ.

ಪ್ರಶ್ನೆ: ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ‘ಮನುಷ್ಯನ ಸ್ವಭಾವ’ ಎಂದು ಬರೆದದ್ದೆಲ್ಲ ಎಲ್ಲರಿಗೂ ಅನ್ವಯಿಸುತ್ತದೆಯೆ?

ಇಲ್ಲ. ಹಣ ಹಂಚುವ ಒಂದು ಪ್ರಸಿದ್ಧ ಆಟವಿದೆ. ಕೊಟ್ಟ ಹಣದಲ್ಲಿ ಇನ್ನೊಬ್ಬರಿಗೆ ಎಷ್ಟು ಪಾಲು ಎಂದು ಒಬ್ಬರು ಹೇಳಬೇಕು. ಇನ್ನೊಬ್ಬರು ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಇದನ್ನು 15 ಸಣ್ಣ ಸಮಾಜಗಳಲ್ಲಿ ಆಡಿಸಿದರು. ಪೆರುವಿನ ಮಚಿಗೆಂಗರು ಸರಾಸರಿ ಶೇ 26ರಷ್ಟು ಕೊಡಲು ಮುಂದಾದರೆ, ಇಂಡೊನೇಷ್ಯಾದಲ್ಲಿ ಒಟ್ಟಾಗಿ ತಿಮಿಂಗಿಲ ಹಿಡಿಯುವ ಲಮಲೆರದ ಜನ ಶೇ 58ರಷ್ಟು. ದಿನದ ಕೆಲಸದಲ್ಲಿ ಪರರ ಜೊತೆ ಕೈಜೋಡಿಸುವ ರೂಢಿ ಎಷ್ಟಿದೆಯೋ ಕೊಡುಗೆಯೂ ಅಷ್ಟು ದೊಡ್ಡದಿತ್ತು. ಪುಸ್ತಕದಲ್ಲಿ ಯಾವ ತೀರ್ಮಾನ ಕಂಡರೂ, ಯಾರನ್ನು ಪರೀಕ್ಷಿಸಿ ಹೇಳಿದ್ದಾರೆ ಎಂದು ಮೊದಲು ನೋಡಿ.

ಪ್ರಶ್ನೆ: ನಮ್ಮ ಸಂಘದ ಸಭೆಯಲ್ಲಿ ಹಿರಿಯರು ಮಾತಾಡಿದ ಮೇಲೆ ಎಲ್ಲರೂ ‘ಸರಿ’ ಎನ್ನುತ್ತಾರೆ. ಹೊರಗೆ ಬಂದು ಬೇರೆಯೇ ಮಾತು. ಏನು ಮಾಡಬಹುದು?

ಇವರು ಧೈರ್ಯವಿಲ್ಲದವರು ಎಂದು ದಯವಿಟ್ಟು ತೀರ್ಮಾನಿಸಬೇಡಿ. 1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಕೇಳಿದ್ದು ಕಣ್ಣಿಗೆ ಕಾಣುವ ಪ್ರಶ್ನೆ: ಈ ಮೂರು ಗೆರೆಗಳಲ್ಲಿ ಆ ಗೆರೆಯಷ್ಟೇ ಉದ್ದದ್ದು ಯಾವುದು? ಜೊತೆಗಿದ್ದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಒಕ್ಕೊರಲಿನಿಂದ ತಪ್ಪು ಹೇಳುತ್ತಿದ್ದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಗುಂಪಿನತ್ತ ವಾಲಿದವು. ಮುಂದೆ 17 ದೇಶಗಳ 133 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಮೂಹಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಈ ವಾಲುವಿಕೆ ಹೆಚ್ಚು ಎಂದು ತಿಳಿಯಿತು.

ನಿಮಗೆ ಬೇಕಾದ ಸುಳಿವು ಆ್ಯಶ್ ಅವರ ಪ್ರಯೋಗದಲ್ಲೇ ಇದೆ. ತಪ್ಪು ಹೇಳುವವರು ಒಬ್ಬರೇ ಇದ್ದರೆ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ. ಮೂವರಾದರೆ ಹೆಚ್ಚುಕಡಿಮೆ ಪೂರ್ತಿ. ಆದರೆ ಒಬ್ಬನೇ ಒಬ್ಬ ಜೊತೆಗಾರ ಸರಿ ಉತ್ತರ ಹೇಳಿದರೆ ವಾಲುವಿಕೆ ಕಾಲು ಭಾಗಕ್ಕೆ ಇಳಿಯಿತು. ಉತ್ತರವನ್ನು ಬರೆದುಕೊಡಲು ಬಿಟ್ಟಾಗಲೂ ಅದು ಬಹಳ ಕುಗ್ಗಿತು.

ಹಾಗಾಗಿ ವಿಷಯ ಮಂಡಿಸಿದ ಕೂಡಲೇ ಚರ್ಚೆಗೆ ಇಳಿಯಬೇಡಿ. ಮೂರು ನಿಮಿಷ ಮಾತಿಲ್ಲದೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಎರಡು ಸಾಲು ಬರೆಯಲಿ. ಬರೆದದ್ದನ್ನೇ ಓದಬೇಕು, ಕಿರಿಯರಿಂದ ಶುರುವಾಗಬೇಕು, ಅಧ್ಯಕ್ಷರದು ಕೊನೆಯ ಸರದಿ. ‘ಯಾರಿಗಾದರೂ ಆಕ್ಷೇಪ ಇದೆಯೆ?’ ಎಂಬ ಪ್ರಶ್ನೆ ಬಿಟ್ಟುಬಿಡಿ. ಅದಕ್ಕೆ ಸಿಗುವುದು ಮೌನ, ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ಒಬ್ಬರನ್ನು ನೇಮಿಸಿ ‘ನೀವು ಸುಮ್ಮನೆ ವಿರೋಧಿಸಿ’ ಎನ್ನುವುದೂ ಅಷ್ಟಾಗಿ ಫಲಿಸುವುದಿಲ್ಲ. ಅದು ಪಾತ್ರ ಎಂದು ಗೊತ್ತಾದರೆ ಜನ ಆ ಮಾತನ್ನು ತೂಗಿ ನೋಡುವುದಿಲ್ಲ.

ಪ್ರಶ್ನೆ: ಒಂದು ರೂಢಿ ಯಾರಿಗೂ ಇಷ್ಟವಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಇದು ಹೇಗೆ ಸಾಧ್ಯ? ಇದನ್ನು ಮುರಿಯುವುದು ಹೇಗೆ?

ಪ್ರತಿಯೊಬ್ಬರೂ ‘ನನಗೊಬ್ಬನಿಗೇ ಹೀಗನಿಸುತ್ತದೆ’ ಎಂದುಕೊಂಡು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನು ಪಕ್ಕದವರು ಒಪ್ಪಿಗೆ ಎಂದು ಓದುತ್ತಾರೆ. ರೂಢಿ ಉಳಿಯಲು ಅಷ್ಟು ಸಾಕು. ಇದರ ಒಳ್ಳೆಯ ಅಳತೆ ಸಿಕ್ಕಿದ್ದು ಸೌದಿ ಅರೇಬಿಯಾದ ರಿಯಾಧ್‌ನಲ್ಲಿ. ಹೆಂಡತಿ ಮನೆಯ ಹೊರಗೆ ದುಡಿಯಬಹುದೆ ಎಂದು ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಿದಾಗ ಬಹುಪಾಲು ಮಂದಿ ಒಪ್ಪಿದರು. ಆದರೆ ಉಳಿದವರಲ್ಲಿ ಎಷ್ಟು ಜನ ಒಪ್ಪಿಯಾರು ಎಂಬ ಊಹೆ ಹೆಚ್ಚಿನವರದು ನಿಜಕ್ಕಿಂತ ಸಾಕಷ್ಟು ಕಡಿಮೆಯಿತ್ತು. ನಿಜ ಸಂಖ್ಯೆ ತಿಳಿಸಿದವರಲ್ಲಿ ಹೆಂಡತಿಯ ಹೆಸರನ್ನು ಉದ್ಯೋಗ ಸೇವೆಗೆ ನೋಂದಾಯಿಸಿದವರು ಶೇ 32, ತಿಳಿಸದವರಲ್ಲಿ ಶೇ 23. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಾರಿಗೂ ಉಪದೇಶ ಮಾಡಿರಲಿಲ್ಲ, ಲೆಕ್ಕ ಹೇಳಿದ್ದರು ಅಷ್ಟೆ.

ನೀವೂ ಮಾಡಬಹುದು. 20–30 ಜನರನ್ನು ಸೇರಿಸಿ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ. ಎರಡೇ ಪ್ರಶ್ನೆ: ಇದು ಮುಂದುವರಿಯಬೇಕೆ, ಹೌದು ಅಥವಾ ಇಲ್ಲ. ಇಲ್ಲಿರುವವರಲ್ಲಿ ಎಷ್ಟು ಜನ ‘ಇಲ್ಲ’ ಎಂದು ಬರೆದಿರಬಹುದು? ವಾಕ್ಯ ಬರೆಸಬೇಡಿ, ಗುರುತು ಹಾಕಿಸಿ, ಕೈಬರಹ ಗೊತ್ತಾಗಬಾರದು. ಚೀಟಿಗಳನ್ನು ಎಲ್ಲರ ಕಣ್ಣೆದುರೇ ಎಣಿಸಿ, ‘ಇಲ್ಲ’ ಎಂದವರ ಸಂಖ್ಯೆಯನ್ನೂ ಊಹೆಯ ಸರಾಸರಿಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಕೆಲಸ ಮಾಡುವುದು ಆ ಎರಡು ಅಂಕಿಗಳ ನಡುವಿನ ಅಂತರ. ಬಹುಮತ ರೂಢಿಯ ಪರವಾಗಿಯೇ ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಮುಚ್ಚಿಟ್ಟರೆ ಮುಂದಿನ ಸಲ ಯಾರೂ ನಂಬುವುದಿಲ್ಲ.

ಹೆಚ್ಚಿನ ಪ್ರಚಾರಗಳು ಎಡವುವುದು ಇನ್ನೊಂದು ಕಡೆ. ‘ಎಷ್ಟೊಂದು ಜನ ಈ ತಪ್ಪು ಮಾಡುತ್ತಿದ್ದಾರೆ ನೋಡಿ’ ಎಂದು ಬರೆದರೆ, ಎಲ್ಲರೂ ಮಾಡುತ್ತಾರೆ ಎಂಬ ಸುದ್ದಿಯೇ ಮನಸ್ಸಿನಲ್ಲಿ ಉಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಶಿಲೆಯಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ‘ಹಿಂದೆ ಬಂದ ಅನೇಕರು ಚೂರುಗಳನ್ನು ಒಯ್ದು ಉದ್ಯಾನಕ್ಕೆ ಹಾನಿ ಮಾಡಿದ್ದಾರೆ’ ಎಂಬ ಫಲಕವಿದ್ದಾಗ, ಗುರುತು ಮಾಡಿಟ್ಟ ಚೂರುಗಳಲ್ಲಿ ಶೇ 8ರ ಹತ್ತಿರ ಮಾಯವಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಇದ್ದಾಗ ಶೇ 2ಕ್ಕಿಂತ ಕಡಿಮೆ.

ರೂಢಿ ಮದುವೆಯಂಥ ಸಂಬಂಧಕ್ಕೆ ತಳುಕು ಹಾಕಿಕೊಂಡಿದ್ದರೆ ಎಣಿಕೆಯೊಂದೇ ಸಾಲದು. ಮೊದಲು ಬಿಟ್ಟವರಿಗೆ ನಷ್ಟ. ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಿಗಿಯಾಗಿ ಕಟ್ಟುವ ಪದ್ಧತಿ ಶತಮಾನಗಳ ಕಾಲ ಜಗ್ಗಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಹುಟ್ಟಿಕೊಂಡ ಸಂಘಗಳು ಪೋಷಕರಿಂದ ಎರಡು ಮಾತು ಪಡೆದವು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದವಳನ್ನು ಮಗನಿಗೆ ತರುವುದಿಲ್ಲ. ಎರಡನೆಯ ಮಾತಿನಿಂದಲೇ ಮೊದಲನೆಯದು ನಿಂತಿತು. ಕಟ್ಟದ ಪಾದದ ಮಗಳಿಗೂ ವರ ಸಿಗುತ್ತಾನೆ ಎಂಬ ಭರವಸೆ ಅದರಲ್ಲಿತ್ತು. ನಿಮ್ಮ ರೂಢಿಯಲ್ಲೂ ಬಿಟ್ಟವರಿಗೆ ಯಾವ ನಷ್ಟ, ಅದನ್ನು ತುಂಬುವವರು ಯಾರು ಎಂದು ಮೊದಲು ಬರೆದುಕೊಳ್ಳಿ.

ಪ್ರಶ್ನೆ: ಜನರ ಮನಸ್ಸು ಬದಲಾಗುವ ಮೊದಲೇ ನಡವಳಿಕೆ ಬದಲಾಗಬಹುದೆ?

ಎಲ್ಲರೂ ಒಟ್ಟಿಗೆ ಬದಲಾಗುವಂತಿದ್ದರೆ ಆಗುತ್ತದೆ. ವಾಹನಗಳು ಎಡಬದಿ ಬಿಟ್ಟು ರಸ್ತೆಯ ಬಲಬದಿಗೆ ಹೋಗಬೇಕೆ ಎಂದು 1955ರಲ್ಲಿ ಕೇಳಿದಾಗ ಸ್ವೀಡನ್ನಿನ ಶೇ 80ಕ್ಕೂ ಹೆಚ್ಚು ಮತದಾರರು ಬೇಡವೆಂದಿದ್ದರು. ಆದರೂ 1967ರ ಸೆಪ್ಟೆಂಬರ್ 3ರಂದು ನಸುಕಿನ 4.50ಕ್ಕೆ ರಸ್ತೆಯಲ್ಲಿದ್ದ ವಾಹನಗಳು ನಿಂತವು, ಬಲಬದಿಗೆ ಸರಿದು ಕಾದವು, 5ಕ್ಕೆ ಹೊರಟವು.