ಮುಂಬೈನ ಮಾಟುಂಗದ ಮನೆಗಳಿಗೆ ಪಕ್ಕದ ಸಯನ್‌ಗಿಂತ ಹೆಚ್ಚು ಬೆಲೆ ಏಕೆ?

ಮಾಟುಂಗ ಪೂರ್ವದಲ್ಲಿ ಮಾರಾಟಕ್ಕೆ ಬರುವ ಮನೆಗಳು ಕಡಿಮೆ, ಅಲ್ಲಿಯೇ ನೆಲೆಸಬೇಕೆನ್ನುವವರು ಹೆಚ್ಚು. ಮುಖ್ಯ ಕಾರಣ ಇದೇ. 1896ರ ಪ್ಲೇಗ್‌ನ ನಂತರ, ನಗರ ಸುಧಾರಣೆಗೆಂದು 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗ ಭಾಗವನ್ನು ಅಗಲವಾದ ರಸ್ತೆ, ಉದ್ಯಾನ, ಮಿತವಾದ ಎತ್ತರದ ಕಟ್ಟಡಗಳೊಂದಿಗೆ ಯೋಜಿಸಿತು. ಆ ನಿವೇಶನಗಳೆಲ್ಲ ಎಂದೋ ತುಂಬಿಹೋಗಿರುವುದರಿಂದ ಹೊಸ ಮನೆಗಳು ಬರಬೇಕಾದರೆ ಹಳೆಯ ಕಟ್ಟಡವನ್ನೇ ಕೆಡವಬೇಕು. ಅದಕ್ಕೆ ನಿವಾಸಿಗಳ ಒಪ್ಪಿಗೆ ಬೇಕು, ಅವರಿಗೆ ಮನೆ ಕೊಟ್ಟು ಉಳಿದದ್ದಷ್ಟೇ ಮಾರುಕಟ್ಟೆಗೆ ಬರುತ್ತದೆ. ರೈಲಿನ ಅನುಕೂಲವೊಂದೇ ಕಾರಣವೆನ್ನುವುದನ್ನು ನಾನು ಒಪ್ಪಲಾರೆ, ಏಕೆಂದರೆ ಸಯನ್‌ಗೂ ರೈಲಿದೆ. ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್, ದಕ್ಷಿಣದ ಅಡುಗೆಯ ಹೋಟೆಲುಗಳು, ಹೂವಿನ ಅಂಗಡಿಗಳು, ದೇವಸ್ಥಾನಗಳು ಹತ್ತಿರದಲ್ಲೇ ಇರುವಾಗ, ಇಲ್ಲಿ ಬೆಳೆದ ಕನ್ನಡಿಗರ ಮತ್ತು ತಮಿಳರ ಮಕ್ಕಳು ಚಿಕ್ಕದಾದರೂ ಸರಿ, ಇಲ್ಲಿಯೇ ಮನೆ ಹುಡುಕುತ್ತಾರೆ.