ಇಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ?

ಕಳೆದ ಸಂಚಿಕೆಯಲ್ಲಿ ನನ್ನ ಚಟ್ನಿಪುಡಿ ಘಟಕದ ಬಗ್ಗೆ ಬರೆದಿದ್ದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ನಾಲ್ಕು ದಿನ ಕಲಿತ ಮೇಲೇ ಹೊರದೇಶಕ್ಕೆ ಮಾಲು ಕಳಿಸುವ ಧೈರ್ಯ ಬಂತು ಅಂದಿದ್ದೆ. ಅದೊಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಹಳ ಜನ ಕೇಳಿದ್ದನ್ನೇ ಕೇಳಿದ್ದಾರೆ. ಅದಕ್ಕೇ ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಹನ್ನೊಂದು ಜನ ಹೆಂಗಸರು ಸೇರಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮಾಡುತ್ತೇವೆ. ಅಮೆರಿಕದಲ್ಲಿರುವ ಒಬ್ಬ ಅಂಗಡಿಯವರು ಕೇಳುತ್ತಿದ್ದಾರೆ. ಸಿಎಫ್‌ಟಿಆರ್‌ಐಗೆ ಹೋದರೆ ಎಕ್ಸ್‌ಪೋರ್ಟ್ ಮಾಡಿಸಿಕೊಡುತ್ತಾರಾ ಅಕ್ಕಾ? (ನಂಜನಗೂಡಿನಿಂದ ಒಂದು ಮಹಿಳಾ ಸಂಘ)

ಮಾಡಿಸಿಕೊಡುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗುವುದು ಬೇಡ. ಮಾಲು ಕೊಳ್ಳುವ ಪಾರ್ಟಿ ಹುಡುಕಿಕೊಡುವುದು, ಮಾಲನ್ನು ಹಡಗು ಹತ್ತಿಸುವುದು ಅವರ ಕೆಲಸವಲ್ಲ. ನಿಮ್ಮ ಡಬ್ಬಿಯೊಳಗೆ ಏನಿದೆ ಅಂತ ನಿಮಗೇ ಗೊತ್ತಾಗುವ ಹಾಗೆ ಮಾಡುತ್ತಾರೆ. ಅದು ನಮಗೆ ಗೊತ್ತಿದೆ ಅಂದುಕೊಂಡಿರುತ್ತೇವೆ. ಗೊತ್ತಿರುವುದಿಲ್ಲ.

ಅದು ಮೈಸೂರು ರೈಲ್ವೆ ಸ್ಟೇಷನ್ ಹತ್ತಿರ, ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರ್‌ನಲ್ಲಿ ಶುರುವಾದ ಸಂಸ್ಥೆ. ಹೊರಗಿನಿಂದ ನೋಡಿದರೆ ಅರಮನೆ, ಒಳಗೆ ಲ್ಯಾಬು. ದೊಡ್ಡ ವಿಜ್ಞಾನಿಗಳ ಜಾಗ, ನಮಗೇನು ಕೆಲಸ ಅಂತ ನಾನೂ ವರ್ಷಗಟ್ಟಲೆ ಗೇಟಿನ ಮುಂದೆಯೇ ಓಡಾಡಿದ್ದೆ. ಆದರೆ ಅಲ್ಲಿ ಎಂ.ಎಸ್ಸಿ. ಓದುವ ಹುಡುಗರ ಜೊತೆಗೆ ನಮ್ಮಂಥವರಿಗೆ ಕೆಲವೇ ದಿನದ ಕೋರ್ಸುಗಳೂ ಇವೆ. 1960ರ ದಶಕದಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆ ಸೇರಿ ಬೇರೆ ದೇಶದವರಿಗೂ ಪಾಠ ಹೇಳಿಕೊಟ್ಟ ಜಾಗ ಅದು. ಪಕ್ಕದ ಬೀದಿಯ ನಾವು ಮಾತ್ರ ಹೋಗಿರಲಿಲ್ಲ.

ನನಗೆ ಆದದ್ದು ಹೇಳುತ್ತೇನೆ. ಅಲ್ಲಿಗೆ ಹೋಗುವ ಹೊತ್ತಿಗೆ ನಾನು ಮೂರು ಸಾವಿರ ಲೇಬಲ್ ಪ್ರಿಂಟ್ ಹಾಕಿಸಿಬಿಟ್ಟಿದ್ದೆ. ಚೆಂದದ ಹಸಿರು ಬಣ್ಣ, ಮೂಲೆಯಲ್ಲಿ ದೊಡ್ಡದಾಗಿ ‘ಗ್ಲುಟನ್ ಫ್ರೀ’ ಅಂತ. ಗ್ಲುಟನ್ ಅಂದರೆ ಗೋಧಿಯಲ್ಲಿರುವ ಒಂದು ಪ್ರೊಟೀನ್. ಕೆಲವರಿಗೆ ಅದು ಒಗ್ಗುವುದಿಲ್ಲ, ಕಾಯಿಲೆ ಬೀಳುತ್ತಾರೆ. ನಮ್ಮ ಪುಡಿಯಲ್ಲಿ ಗೋಧಿ ಎಲ್ಲಿದೆ? ಕಡಲೆಬೇಳೆ, ಉದ್ದಿನಬೇಳೆ, ಮೆಣಸಿನಕಾಯಿ, ಕೊಬ್ಬರಿ, ಹುಣಸೆ, ಬೆಲ್ಲ, ಇಂಗು. ಅಷ್ಟೇ ತಾನೆ? ಪಾಠ ಮಾಡುತ್ತಿದ್ದ ಮೇಡಂ ಲೇಬಲ್ ನೋಡಿದರು. ‘ಇಂಗು ಯಾವುದು ಹಾಕ್ತೀರಿ?’ ಅಂದರು. ಹೇಳಿದೆ. ‘ಆ ಡಬ್ಬಿ ಹಿಂದೆ ಏನು ಬರೆದಿದೆ ಓದಿದ್ದೀರಾ?’

ಇಪ್ಪತ್ತು ವರ್ಷ ಅದೇ ಇಂಗು ಬಳಸಿದ್ದೆ, ಒಂದು ದಿನವೂ ಓದಿರಲಿಲ್ಲ. ಸಂಜೆ ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದೆ. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಹಿಟ್ಟು ಬೆರೆಸುವುದು ಮಾಮೂಲಿ. ಕೆಲವದರಲ್ಲಿ ಅಕ್ಕಿ ಹಿಟ್ಟು, ಬಹಳಷ್ಟರಲ್ಲಿ ಗೋಧಿ. ಮೂರು ಸಾವಿರ ಲೇಬಲ್ ಒಲೆಗೆ ಹೋಯಿತು. ಹೋಗಲಿ ಬಿಡಿ. ಆ ಲೇಬಲ್ ಅಂಟಿಸಿದ ಮಾಲು ಹೊರದೇಶದ ಅಂಗಡಿಗೆ ಹೋಗಿ, ಯಾರಾದರೂ ತಿಂದು ಆಸ್ಪತ್ರೆ ಸೇರಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಎಳ್ಳಿನದೂ ಇದೇ ಕಥೆ. ನಿಮ್ಮ ಗೊಜ್ಜಿನಲ್ಲಿ ಎಳ್ಳು, ಕಡಲೆಕಾಯಿ ಎರಡೂ ಇರುತ್ತೆ ಅಲ್ವಾ? ಅಮೆರಿಕದಲ್ಲಿ ಅಲರ್ಜಿ ಪದಾರ್ಥ ಅಂತ ಲೇಬಲ್ ಮೇಲೆ ಹೇಳಲೇಬೇಕಾದವು ಒಂಬತ್ತು. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿಯಿಂದ. ಯುರೋಪಿನಲ್ಲಿ ಹದಿನಾಲ್ಕಿವೆ, ಅದರಲ್ಲಿ ಸಾಸಿವೆಯೂ ಇದೆ. ನಮ್ಮ ಒಗ್ಗರಣೆಯೇ ಅಲರ್ಜಿ ಪಟ್ಟಿ ಅನ್ನಿ!

ಗೊಜ್ಜಿಗೆ ಇನ್ನೊಂದು ಪರೀಕ್ಷೆ ಇದೆ. ಅಮೆರಿಕದವರು ಡಬ್ಬಿ ಆಹಾರದ ಹುಳಿ ಎಷ್ಟಿದೆ ಅಂತ ಕೇಳುತ್ತಾರೆ. ಅದನ್ನು ಪಿಎಚ್ ಅಂಕಿಯಲ್ಲಿ ಹೇಳಬೇಕು. ಗೆರೆ ಎಳೆದಿರುವುದು 4.6ಕ್ಕೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. 4.6ಕ್ಕಿಂತ ಹುಳಿ ಇದ್ದರೆ ಬಾಟುಲಿಸಂ ಅನ್ನುವ ವಿಷಬಾಧೆ ತರುವ ರೋಗಾಣು ಬೆಳೆಯುವುದಿಲ್ಲ. ನಾವು ನಾಲಿಗೆ ಮೇಲೆ ಇಟ್ಟು ‘ಹುಳಿ ಹದವಾಗಿದೆ’ ಅನ್ನುತ್ತೇವೆ. ಆ ಮಾತು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ. ನನ್ನ ಗೊಜ್ಜು ಹಳೇ ಹುಣಸೆಯಲ್ಲಿ ಮಾಡಿದಾಗ 3.5 ಬಂತು, ಹೊಸ ಹುಣಸೆಯಲ್ಲಿ ಬೆಲ್ಲ ಸ್ವಲ್ಪ ಜಾಸ್ತಿ ಬಿದ್ದಾಗ 3.9. ಎರಡೂ ಪಾಸ್. ಆದರೆ ಪ್ರತಿ ಸಲವೂ ಒಂದೇ ಥರ ಬರುತ್ತಿಲ್ಲ ಅನ್ನುವುದು ಆವತ್ತೇ ಗೊತ್ತಾಗಿದ್ದು. ಈಗ ಪಾತ್ರೆ ಇಳಿಸುವ ಮುಂಚೆ ಮೀಟರ್ ಹಾಕಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಹೊರಗಿನ ಪಾರ್ಟಿ ಕೇಳಿದ ಮೊದಲ ಕಾಗದವೇ ಆ ಪುಸ್ತಕದ ಫೋಟೋ. ಜೊತೆಗೆ ಅಮೆರಿಕಕ್ಕಾದರೆ ನಿಮ್ಮ ಘಟಕವನ್ನು ಅವರ ಆಹಾರ, ಔಷಧ ಇಲಾಖೆಯಾದ ಎಫ್‌ಡಿಎಯಲ್ಲಿ ನೋಂದಾಯಿಸಬೇಕು, ಅಲ್ಲಿ ನಿಮ್ಮ ಪರವಾಗಿ ಒಬ್ಬ ಏಜೆಂಟ್ ಇರಬೇಕು. ಆ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಮರೆತರೆ ನೋಂದಣಿ ರದ್ದು.

ಪ್ರಶ್ನೆ: ಯಾವ ಕಾಗದ ಮೊದಲು ಮಾಡಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಹಾಸನ)

ಮೊದಲು ಐಇಸಿ, ಅಂದರೆ ಆಮದು ರಫ್ತು ಮಾಡುವವರ ನಂಬರ್. ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ 500 ರೂಪಾಯಿ. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಇದನ್ನು ‘ಮಾಡಿಸಿಕೊಡುತ್ತೇನೆ’ ಅಂತ ಐದಾರು ಸಾವಿರ ಕೇಳುವವರಿದ್ದಾರೆ, ಅವರ ಹತ್ತಿರ ಹೋಗಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ‘ಎಲ್ಲ ಸರಿ ಇದೆ’ ಅಂತ ಅಲ್ಲೇ ಒತ್ತಬೇಕು, ಏನೂ ಬದಲಾಗದಿದ್ದರೂ.

ಆಮೇಲೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್. ಆಮೇಲೆ ಆರ್‌ಸಿಎಂಸಿ, ಅಂದರೆ ರಫ್ತು ಮಂಡಳಿಯಲ್ಲಿ ನೋಂದಣಿಯಾದ ಪತ್ರ. ಎಡವುವುದು ಇಲ್ಲೇ. ಉಪ್ಪಿನಕಾಯಿ, ಹಪ್ಪಳ, ಚಟ್ನಿ ಕೃಷಿ ಮತ್ತು ಸಂಸ್ಕರಿಸಿದ ಆಹಾರದ ರಫ್ತು ನೋಡಿಕೊಳ್ಳುವ ಅಪೇಡಾಕ್ಕೆ ಸೇರುತ್ತವೆ. ಮಸಾಲೆ ಪುಡಿ ಸ್ಪೈಸಸ್ ಬೋರ್ಡಿಗೆ. ಸಾರಿನ ಪುಡಿ, ಗೊಜ್ಜು ಎರಡನ್ನೂ ಮಾಡುವ ನನ್ನಂಥವರು ಎರಡೂ ಬಾಗಿಲು ತಟ್ಟಬೇಕು. ಹೊರದೇಶದ ದುಡ್ಡು ಬರುವ ಬ್ಯಾಂಕಿನ ಗುರುತಿನ ನಂಬರಾದ ಎಡಿ ಕೋಡನ್ನು ಕಸ್ಟಮ್ಸ್‌ನಲ್ಲಿ ಸೇರಿಸಿಕೊಳ್ಳಿ, ಜಿಎಸ್‌ಟಿ ಕಟ್ಟದೆ ಕಳಿಸಲು ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಹಾಕಿ. ಸುಂಕದ ಲೆಕ್ಕಕ್ಕೆ ಪ್ರತಿ ಸರಕಿಗೂ ಇರುವ ಎಚ್‌ಎಸ್ ಕೋಡ್ ನಮ್ಮಲ್ಲಿ ಎಂಟು ಅಂಕಿ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಉಳಿದದ್ದು ಆಯಾ ದೇಶದ್ದು. ಅದಕ್ಕೇ ಆ ಕಡೆ ಎಷ್ಟು ಸುಂಕ ಬೀಳುತ್ತದೆ ಅಂತ ಪಾರ್ಟಿಯನ್ನೇ ಕೇಳಿ.

ಕಾಗದದ ಪಟ್ಟಿಯಲ್ಲಿ ಯಾರೂ ಹೇಳದ ಒಂದು ವಸ್ತು ಇದೆ: ಮರದ ಹಲಗೆ. ಪೆಟ್ಟಿಗೆಗಳನ್ನು ಜೋಡಿಸುವ ಮರದ ಪ್ಯಾಲೆಟ್‌ಗೆ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಕೊಟ್ಟು ಮುದ್ರೆ ಒತ್ತಿರಬೇಕು, ಹುಳ ಹೋಗದಂತೆ. ನನ್ನ ಎರಡನೇ ಲೋಡಿಗೆ ಒಬ್ಬ ಏಜೆಂಟ್ ಸುಮ್ನೆ ಯಾವುದೋ ಹಳೇ ಪ್ಯಾಲೆಟ್ ಹಾಕಿಬಿಟ್ಟ. ಗೊಜ್ಜಿನಲ್ಲಿ ಏನೂ ತಪ್ಪಿರಲಿಲ್ಲ, ಹಲಗೆಯಿಂದಾಗಿ ಹನ್ನೆರಡು ದಿನ ನಿಂತಿತು. ಬಾಡಿಗೆ ಯಾರು ಕಟ್ಟಿದ್ದು ಅಂತ ಕೇಳಬೇಡಿ.

ಪ್ರಶ್ನೆ: ನಮ್ಮ ಅಜ್ಜನ ಕಾಲದಿಂದ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಯುರೋಪಿನ ಪಾರ್ಟಿ ಸ್ಯಾಂಪಲ್ ರಿಜೆಕ್ಟ್ ಮಾಡಿದ. ಮಾಲು ಕಣ್ಣಿಗೆ ಬಂಗಾರ ಇದ್ದಂಗ ಐತ್ರಿ. ಕ್ಲಾಸಿಗೆ ಹೋಗಿ ನಾವು ಕಲಿಯೋದು ಏನದ? (ಹಾವೇರಿ ಜಿಲ್ಲೆ)

ಅಣ್ಣಾವ್ರೇ, ಮೆಣಸಿನಕಾಯಿ ಬಗ್ಗೆ ನಿಮಗೆ ಪಾಠ ಹೇಳುವಷ್ಟು ದೊಡ್ಡವಳಲ್ಲ ನಾನು. ಬ್ಯಾಡಗಿಯ ಎರಡು ಬಗೆಯಲ್ಲಿ ‘ಡಬ್ಬಿ’ ಯಾವುದು, ‘ಕಡ್ಡಿ’ ಯಾವುದು ಅಂತ ನೀವು ಕತ್ತಲಲ್ಲೂ ಹೇಳುತ್ತೀರಿ. ಬ್ಯಾಡಗಿಗೆ 2011ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ರಿಜೆಕ್ಟ್ ಮಾಡಿದವನು ಬಣ್ಣ ನೋಡಿ ಮಾಡಿರುವುದಿಲ್ಲ. ರಿಪೋರ್ಟ್ ಕಳಿಸಿ ಅಂತ ಅವನನ್ನೇ ಕೇಳಿ. ಹೆಚ್ಚುಕಡಿಮೆ ಅಫ್ಲಾಟಾಕ್ಸಿನ್ ಇರುತ್ತದೆ.

ಅದು ಬೂಷ್ಟಿನಿಂದ ಬರುವ ವಿಷ. ಯುರೋಪಿನಲ್ಲಿ ಒಣಮೆಣಸಿನಕಾಯಿಗೆ ಬಿ1 ಅನ್ನುವ ಬಗೆಯದು ಕೆ.ಜಿ.ಗೆ 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ 10 ಮೀರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಟನ್ ಮಾಲಿನಲ್ಲಿ 5 ಮಿಲಿಗ್ರಾಂ. ಉಗುರಿನ ತುದಿಗೆ ಅಂಟಿದ ಉಪ್ಪಿನ ಹರಳುಗಳಷ್ಟು. ಕಣ್ಣಿಗೆ ಕಾಣುವುದಿಲ್ಲ, ಘಾಟಿನಲ್ಲಿ ಗೊತ್ತಾಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಬರುವುದು ಎಲ್ಲಿಂದ? ಇಲ್ಲಿ ನಿಷ್ಠುರವಾಗುತ್ತೇನೆ. ಚೀಲ ತುಂಬುವಾಗ ಕಾಯಿ ಮುರಿಯಬಾರದು ಅಂತ ನೀರು ಚಿಮುಕಿಸುತ್ತಾರಲ್ಲ, ಅಲ್ಲಿಂದ. ತೂಕಕ್ಕೂ ಅನುಕೂಲ ಅಂತ ಕೈ ಸ್ವಲ್ಪ ಧಾರಾಳವಾಗುತ್ತದೆ. ಆ ಒದ್ದೆ ಚೀಲದ ನಡುವೆ ನಾಲ್ಕೇ ದಿನಕ್ಕೆ ಬೂಷ್ಟು ಏಳುತ್ತದೆ. ತೇವ ಶೇ 10–11ರ ಆಸುಪಾಸು ಇರುವ ಹಾಗೆ ಒಣಗಿಸಿ, ನೆಲದಿಂದ ಎತ್ತರಕ್ಕೆ ಇಟ್ಟರೆ ಅರ್ಧ ತೊಂದರೆ ಕಳೆಯಿತು. ಇನ್ನೊಂದು, ವಿಷ ಇಡೀ ರಾಶಿಗೆ ಸಮನಾಗಿ ಹರಡಿರುವುದಿಲ್ಲ. ಒಂದು ಚೀಲದಲ್ಲಿ ಇರುತ್ತದೆ, ಪಕ್ಕದ್ದರಲ್ಲಿ ಇರುವುದಿಲ್ಲ. ಚೆನ್ನಾಗಿರುವ ಚೀಲದಿಂದ ಒಂದು ಮುಷ್ಟಿ ತೆಗೆದು ಲ್ಯಾಬಿಗೆ ಕೊಟ್ಟು ‘ಪಾಸ್’ ಅಂತ ಕೂತರೆ ಆ ಕಡೆ ಪೋರ್ಟಿನಲ್ಲಿ ಫೇಲ್ ಆಗುತ್ತದೆ. ಎಷ್ಟು ಚೀಲದಿಂದ, ಎಲ್ಲೆಲ್ಲಿಂದ, ಎಷ್ಟೆಷ್ಟು ಸ್ಯಾಂಪಲ್ ತೆಗೆಯಬೇಕು ಅನ್ನುವುದಕ್ಕೇ ಕ್ರಮ ಇದೆ. ಕ್ಲಾಸಿನಲ್ಲಿ ಕಲಿಯುವುದು ಅದನ್ನೇ. ಬಣ್ಣಕ್ಕೂ ಅಷ್ಟೇ. ನೀವು ಬಂಗಾರ ಅನ್ನುವುದನ್ನು ಅವನು ಬಣ್ಣ ಅಳೆಯುವ ಆಸ್ತಾ ಅಂಕಿಯಲ್ಲಿ ಕೇಳುತ್ತಾನೆ. ನಿಮ್ಮ ಡಬ್ಬಿ ಕಾಯಿಗೆ ಆ ಅಂಕಿ ಚೆನ್ನಾಗಿಯೇ ಬರುತ್ತದೆ. ರಿಪೋರ್ಟ್ ಮುಂದಿಟ್ಟು ರೇಟು ಕೇಳಿ.

ಪ್ರಶ್ನೆ: ಲಂಡನ್, ಪ್ಯಾರಿಸ್ ಅಂಗಡಿಗಳಿಗೆ ತುಪ್ಪದ ಮೈಸೂರ್ ಪಾಕ್ ಕಳಿಸಬಹುದಾ? (ಮೈಸೂರು)

ಅದರಿಂದ ಶುರುಮಾಡಬೇಡಿ. ಹಾಲು, ತುಪ್ಪ ಇರುವ ತಿಂಡಿಗೆ ಅಲ್ಲಿನ ನಿಯಮ ಬಹಳ ಬಿಗಿ. ಚಕ್ಕುಲಿ, ಕೋಡುಬಳೆಯಿಂದ ಶುರುಮಾಡಿ. ಆದರೆ ಎಳ್ಳನ್ನು ಎಲ್ಲಿಂದ ತರುತ್ತೀರಿ ಅಂತ ನೋಡಿಕೊಳ್ಳಿ. 2020ರಲ್ಲಿ ಭಾರತದ ಎಳ್ಳಿನಲ್ಲಿ ರೋಗಾಣು ಕೊಲ್ಲಲು ಹೊಡೆಯುವ ಎಥಿಲೀನ್ ಆಕ್ಸೈಡ್ ಅನಿಲದ ಅಂಶ ಸಿಕ್ಕಿ ಯುರೋಪಿನ ತುಂಬಾ ಬ್ರೆಡ್ಡು, ಬಿಸ್ಕತ್ತು ವಾಪಸ್ ತರಿಸಿಕೊಂಡಿದ್ದರು. ಒಂದು ಚಮಚ ಎಳ್ಳಿಗೆ ಇಡೀ ಚಕ್ಕುಲಿ ಲೋಡ್ ಹೋಗುತ್ತದೆ.

ಪ್ರಶ್ನೆ: ನಮಗೆ ಮೈಸೂರು ದೂರ. ಉತ್ತರ ಕರ್ನಾಟಕದಲ್ಲಿ ಏನಿದೆ? ದುಡ್ಡಿಗೆ ನೆರವು ಸಿಗುತ್ತದಾ? (ವಿಜಯಪುರ)

ಧಾರವಾಡ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ನಿಮಗೆ ಹತ್ತಿರ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ. ದ್ರಾಕ್ಷಿ, ದಾಳಿಂಬೆ, ನಿಂಬೆ ಆದರೆ ಅಲ್ಲಿಗೇ ಹೋಗಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಕಾಗದಪತ್ರ, ಪಾರ್ಟಿ, ಮೇಳ ಇವಕ್ಕೆ ಬೇರೆ ಜಾಗ. ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಅಂದರೆ ವಿಟಿಪಿಸಿ, ಬೆಂಗಳೂರಿನಲ್ಲಿದೆ. ಅವರು ಜಿಲ್ಲೆಗಳಲ್ಲೂ ಶಿಬಿರ ಮಾಡುತ್ತಾರೆ. ಯಾವಾಗ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಮಷೀನಿಗೆ ಸಣ್ಣ ಆಹಾರ ಘಟಕಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ನೋಡಿ. ಸಾಲದ ಜೊತೆಗೆ ಶೇ 35 ಸಬ್ಸಿಡಿ, 10 ಲಕ್ಷದವರೆಗೆ. ನಮ್ಮ ರಾಜ್ಯದಲ್ಲಿ ಅದನ್ನು ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮವಾದ ಕೆಪೆಕ್ ನೋಡಿಕೊಳ್ಳುತ್ತದೆ. ಸಬ್ಸಿಡಿ ಇದೆ ಅಂತ ದೊಡ್ಡ ಮಷೀನ್ ತಂದು ಮೂಲೆಯಲ್ಲಿ ಬಟ್ಟೆ ಒಣಗಿಸುವವರನ್ನೂ ನೋಡಿದ್ದೇನೆ. ಮೊದಲು ಕಲಿಯಿರಿ, ಮಷೀನ್ ಆಮೇಲೆ.

ಪ್ರಶ್ನೆ: ನನಗೆ 52 ವರ್ಷ, ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತದಾ? ಇನ್ನೊಂದು, ಹೊರದೇಶದ ಪಾರ್ಟಿಗೆ ಸಾಲಕ್ಕೆ ಮಾಲು ಕೊಡಬಹುದಾ? (ಮಂಡ್ಯ)

ಎರಡನೆಯದು ಮೊದಲು. ಕೊಡಬೇಡಿ, ಕೊನೇಪಕ್ಷ ಮೊದಲ ಮೂರು ಲೋಡ್. ಅರ್ಧ ದುಡ್ಡು ಮುಂಗಡ, ಉಳಿದದ್ದು ಹಡಗಿನ ಕಾಗದ ತೋರಿಸಿದ ಮೇಲೆ. ಎಲ್‌ಸಿ, ಅಂದರೆ ದುಡ್ಡು ಕೊಡುತ್ತೇವೆ ಅಂತ ಪಾರ್ಟಿಯ ಬ್ಯಾಂಕೇ ಬರೆದುಕೊಡುವ ಪತ್ರ ಆದರೆ ಇನ್ನೂ ವಾಸಿ, ಆದರೆ ಬ್ಯಾಂಕಿನವರು ನೋಡುವುದು ಕಾಗದವನ್ನು, ಗೊಜ್ಜನ್ನಲ್ಲ. ಎಲ್‌ಸಿಯಲ್ಲಿ ಒಂದು ಸ್ಪೆಲಿಂಗ್, ಇನ್‌ವಾಯ್ಸ್‌ನಲ್ಲಿ ಇನ್ನೊಂದು ಇದ್ದರೆ ದುಡ್ಡು ನಿಲ್ಲಿಸುತ್ತಾರೆ. ಸಾಲ ಕೊಡಲೇಬೇಕಾದರೆ, ಪಾರ್ಟಿ ದುಡ್ಡು ಕೊಡದಿದ್ದರೆ ನಷ್ಟ ತುಂಬಿಕೊಡುವ ಇಸಿಜಿಸಿ ವಿಮೆ ಮಾಡಿಸಿ. ಅದು 1957ರಿಂದ ಇರುವ ಸರ್ಕಾರಿ ಕಂಪನಿ. ನಾನು ವಿಮೆ ಮಾಡಿಸದೆ ನಲವತ್ತು ಪೆಟ್ಟಿಗೆ ಕಳಿಸಿದ್ದೆ. ಪಾರ್ಟಿ ನಮ್ಮ ಕಡೆಯವನೇ, ‘ಅಕ್ಕಾ’ ಅಂತಲೇ ಮಾತಾಡುತ್ತಿದ್ದ. ಆಮೇಲೆ ಫೋನ್ ಎತ್ತಲಿಲ್ಲ.

ಇನ್ನು ಇಂಗ್ಲಿಷ್. ಪಾಠ ಇಂಗ್ಲಿಷಿನಲ್ಲೇ ಜಾಸ್ತಿ. ನನ್ನ ಬ್ಯಾಚಿನಲ್ಲಿ ಕೇರಳದವರು, ಗುಜರಾತಿನವರು ಎಲ್ಲ ಇದ್ದರು. ನಾನು ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ. ಮೊದಲ ದಿನ ‘ವಾಟರ್ ಆಕ್ಟಿವಿಟಿ’ ಅಂದಾಗ ಈಜುಕೊಳ ನೆನಪಾಗಿತ್ತು. ಪದಾರ್ಥದಲ್ಲಿ ರೋಗಾಣುವಿನ ಕೈಗೆ ಸಿಗುವ ನೀರು ಎಷ್ಟು ಅನ್ನುವ ಲೆಕ್ಕ ಅದು ಅಂತ ಆಮೇಲೆ ಗೊತ್ತಾಯಿತು. ಹಪ್ಪಳ ಬಿಸಿಲಿಗೆ ಹಾಕುವ ನಾವು ಅದನ್ನೇ ಅಲ್ಲವಾ ಕಡಿಮೆ ಮಾಡುವುದು? ಹೋಗುವಾಗ ನಿಮ್ಮ ಪದಾರ್ಥದ ಒಂದು ಡಬ್ಬಿ, ಅದಕ್ಕೆ ಬಳಸಿದ ಪ್ರತಿ ಸಾಮಾನಿನ ಕವರ್ ಚೀಲಕ್ಕೆ ಹಾಕಿಕೊಳ್ಳಿ. ತರಗತಿಯಲ್ಲಿ ಎದ್ದು ನಿಂತು ಕೇಳಲು ಸಂಕೋಚ ಆದರೆ ಟೀ ಹೊತ್ತಿನಲ್ಲಿ ಹೋಗಿ ಕನ್ನಡದಲ್ಲೇ ಕೇಳಿ. ಮೈಸೂರಲ್ಲವಾ, ಯಾರಾದರೂ ಸಿಕ್ಕೇ ಸಿಗುತ್ತಾರೆ. ಇಂಗಿನ ವಿಷಯ ನನಗೆ ಗೊತ್ತಾಗಿದ್ದೂ ಟೀ ಲೋಟ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗಲೇ.