ರೊಟ್ಟಿ ಉಂಡರೂ ತೂಕ ಏಕೆ ಏರುತ್ತದೆ? ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಗೃಹಿಣಿ. ವಯಸ್ಸು 44, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ಎರಡೂ ಹೊತ್ತು ಜೋಳದ ರೊಟ್ಟಿಯೇ ಊಟ, ಹೊರಗಿನದು ಮುಟ್ಟುವುದಿಲ್ಲ. ಆದರೂ ಹೊಟ್ಟೆ ಬರುತ್ತಿದೆ. ರೊಟ್ಟಿ ಬಿಟ್ಟು ಓಟ್ಸ್ ತಿನ್ನಬೇಕೆ?
– ಓದುಗರು, ಸೇಡಂ

ಉತ್ತರ: ಓಟ್ಸ್ ಬೇಡ, ರೊಟ್ಟಿಯೇ ಇರಲಿ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 29.6. ನಮ್ಮ ದೇಶದವರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟವನ್ನೂ ಅಳೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ ಟೇಪ್ ಇಟ್ಟು, ಉಸಿರು ಬಿಟ್ಟ ಮೇಲೆ ನೋಡಬೇಕು. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮಿತಿ. ಇದು ನಿಮ್ಮೊಬ್ಬರ ತೊಂದರೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 24ರಷ್ಟು ಮಂದಿಯ ಬಿಎಂಐ 25 ಮುಟ್ಟಿತ್ತು.

ಈಗ ತಾಟಿಗೆ ಬರೋಣ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲೊರಿ. ನಾಲ್ಕು ಉಂಡರೆ 680. ಮೂರು ದೊಡ್ಡ ಚಮಚ ಶೇಂಗಾ ಹಿಂಡಿಗೆ (ಚಟ್ನಿ ಪುಡಿ) 160, ಅದರ ಮೇಲೆ ಬಿಟ್ಟುಕೊಳ್ಳುವ ಒಂದು ದೊಡ್ಡ ಚಮಚ ಎಣ್ಣೆಗೆ 125. ಕೊನೆಗೆ ‘ಅನ್ನ ಇಲ್ಲದೆ ಊಟ ಮುಗಿಯುವುದಿಲ್ಲ’ ಎಂದು ಒಂದು ಬಟ್ಟಲು, ಅದು 200. ಪಲ್ಯ ಸೇರಿಸದೆಯೇ ಒಂದೇ ಹೊತ್ತಿಗೆ 1,150 ದಾಟಿತು. ಮನೆಯಲ್ಲೇ ಇರುವ, ತೂಕ ಇಳಿಸಬೇಕಾದ ನಿಮಗೆ ಇಡೀ ದಿನಕ್ಕೆ ಬೇಕಿರುವುದೇ ಸುಮಾರು 1,400.

ಖಡಕ್ ರೊಟ್ಟಿಯಾದರೆ ಹಗುರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಒಣಗುವುದು ನೀರು, ಹಿಟ್ಟಲ್ಲ. ತೆಳ್ಳಗಿದೆ ಎಂದು ಕಟುಂ ಕುಟುಂ ಕಡಿಯುತ್ತ ಐದಾರು ಖಾಲಿಯಾಗುವುದೇ ಅಲ್ಲಿನ ಅಪಾಯ. ಒಮ್ಮೆ ಹಿಟ್ಟಿನ ಡಬ್ಬಿಯನ್ನು ತೂಗಿ, ಹತ್ತು ರೊಟ್ಟಿ ಬಡಿದ ಮೇಲೆ ಮತ್ತೆ ತೂಗಿ. ನಿಮ್ಮ ಕೈಯ ರೊಟ್ಟಿ ಎಷ್ಟು ಗ್ರಾಂ ಎಂಬುದು ಗೊತ್ತಾಗುತ್ತದೆ.

ಹೊತ್ತಿಗೆ ಎರಡು ರೊಟ್ಟಿ ಸಾಕು. ಅನ್ನ ಬೇಕೆನಿಸಿದ ದಿನ ಒಂದು ರೊಟ್ಟಿ ಬಿಡಿ. ಅರ್ಧ ತಾಟು ತರಕಾರಿ, ಸೊಪ್ಪು ಇರಲಿ: ಪುಂಡಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೂಲಂಗಿ. ಗಟ್ಟಿ ತೊಗರಿ ಬೇಳೆ ಒಂದು ಬಟ್ಟಲು ಇರಲೇಬೇಕು, ತೊಗರಿಯ ನಾಡಿನಲ್ಲಿ ತಿಳಿಸಾರು ಉಣ್ಣುವುದೇಕೆ? ಹಿಂಡಿ ಒಂದೇ ಚಮಚ, ಅದನ್ನೂ ಎಣ್ಣೆಯ ಬದಲು ಮೊಸರಿನಲ್ಲಿ ಕಲಸಿಕೊಳ್ಳಿ.

ಎಣ್ಣೆಗಾಯಿ ಬಿಡಬೇಕಿಲ್ಲ. ಅರ್ಧ ಕೆ.ಜಿ. ಬದನೆಗೆ ನಾಲ್ಕು ಜನರ ಮನೆಯಲ್ಲಿ 100 ಮಿ.ಲೀ. ಎಣ್ಣೆ ಸುರಿದರೆ ಒಬ್ಬೊಬ್ಬರ ಪಾಲಿಗೆ 200 ಕ್ಯಾಲೊರಿಗೂ ಹೆಚ್ಚು ಎಣ್ಣೆಯಿಂದಲೇ ಬರುತ್ತದೆ. ಸೀಳಿದ ಬದನೆಯನ್ನು ಮೊದಲು ಆರೇಳು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಮಸಾಲೆ ತುಂಬಿದರೆ ಎರಡು ದೊಡ್ಡ ಚಮಚ ಎಣ್ಣೆ ಸಾಕು. ಹಸಿ ಬದನೆ ಸ್ಪಂಜಿನಂತೆ ಎಣ್ಣೆ ಹೀರುತ್ತದೆ, ಬೆಂದದ್ದು ಅಷ್ಟು ಹೀರುವುದಿಲ್ಲ. ಎಣ್ಣೆ ಕಡಿಮೆಯಾದಾಗ ಮಸಾಲೆ ತಳ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಬಿಸಿನೀರು ಚಿಮುಕಿಸುತ್ತ, ಗುರೆಳ್ಳು ಪುಡಿಯನ್ನು ಕೊನೆಗೆ ಹಾಕಿ. ಮನೆಯ ಲೆಕ್ಕ ಇಷ್ಟು: ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಣ್ಣೆಯಂತೆ ನಾಲ್ವರಿಗೆ ತಿಂಗಳಿಗೆ ಮೂರೂಕಾಲು ಲೀಟರ್. ಕ್ಯಾನ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ.

ಆರು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದರೂ ಬಿ.ಪಿ., ಸಕ್ಕರೆಯ ಮೇಲೆ ಪರಿಣಾಮ ಕಾಣುತ್ತದೆ. ವಾರಕ್ಕೆ ಅರ್ಧ ಕೆ.ಜಿ.ಗಿಂತ ವೇಗವಾಗಿ ಇಳಿಸಲು ಹೋಗಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ದಿನಕ್ಕೆ ಐದು ಚಹಾ, ಸಂಜೆ ಮಿರ್ಚಿ ಭಜಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಹೊಟ್ಟೆ ಇಳಿಯುತ್ತದೆಯೆ?
– ಓದುಗರು, ಯಾದಗಿರಿ

ಉತ್ತರ: ಇಳಿಯುವುದಿಲ್ಲ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಕಪ್ಪಿಗೆ ಎರಡು ಚಮಚದಂತೆ ಐದು ಕಪ್ ಎಂದರೆ 50 ಗ್ರಾಂ ಸಕ್ಕರೆ. 25 ಗ್ರಾಂ ದಾಟದಿರುವುದು ಒಳ್ಳೆಯದು. ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡುತ್ತ ಬನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ. ದಪ್ಪ ಹಿಟ್ಟಿನ ನಾಲ್ಕು ಮಿರ್ಚಿಗೆ ಕಡಿಮೆಯೆಂದರೂ 300 ಕ್ಯಾಲೊರಿ. ಹಿಟ್ಟಿಗೆ ಸೋಡಾ ಹೆಚ್ಚಾದರೆ, ಎಣ್ಣೆ ಸರಿಯಾಗಿ ಕಾಯದಿದ್ದರೆ ಇನ್ನೂ ಹೆಚ್ಚು ಎಣ್ಣೆ ಹೀರುತ್ತದೆ. ಭಜಿ ವಾರಕ್ಕೊಮ್ಮೆ ಸಾಕು. ಉಳಿದ ಸಂಜೆ ಒಂದು ಚಮಚ ಎಣ್ಣೆಯ ಸುಸಲಾ (ಮಂಡಕ್ಕಿ ಒಗ್ಗರಣೆ) ಅಥವಾ ಬೇಯಿಸಿದ ಹೆಸರುಕಾಳು ತಿನ್ನಿ.

ಪ್ರಶ್ನೆ: ಮಗನಿಗೆ 11 ವರ್ಷ, 48 ಕೆ.ಜಿ. ಕುತ್ತಿಗೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ರಾತ್ರಿ ಊಟ ಬಿಡಿಸಲೆ?
– ಓದುಗರು, ಬೀದರ್

ಉತ್ತರ: ತಿಕ್ಕಬೇಡಿ, ಅದು ಕೊಳೆಯಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನ ಹಾಗೆ ದಪ್ಪಗಾಗಿ ಕಪ್ಪಾದರೆ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು ಸಾಮಾನ್ಯವಾಗಿ. ಮಕ್ಕಳ ವೈದ್ಯರಲ್ಲಿ ಎತ್ತರ, ಸಕ್ಕರೆ, ಬಿ.ಪಿ. ನೋಡಿಸಿ; ದೊಡ್ಡವರ ಬಿಎಂಐ ಮಿತಿ ಮಕ್ಕಳಿಗೆ ಅನ್ವಯಿಸದು. ತೂಕ ಏರುತ್ತಿದ್ದು ಎತ್ತರ ನಿಂತಿದ್ದರೆ ಥೈರಾಯ್ಡ್ ಪರೀಕ್ಷೆಯೂ ಬೇಕು.

ಊಟ ಬಿಡಿಸುವುದು ಖಂಡಿತ ಬೇಡ. ಬೆಳೆಯುವ ಮಗುವಿನ ತೂಕ ಏರದೆ ನಿಂತರೂ ಎತ್ತರ ಬೆಳೆದಂತೆ ಮೈ ಸರಿಹೋಗುತ್ತದೆ. ಐದು ರೂಪಾಯಿಯ ಕರುಕುರು ಪ್ಯಾಕೆಟ್, ಬಾಟಲಿ ಜ್ಯೂಸ್ ಮನೆಗೆ ತರುವುದನ್ನು ಎಲ್ಲರೂ ನಿಲ್ಲಿಸಿ. ತಂದಿಟ್ಟು ‘ತಿನ್ನಬೇಡ’ ಎನ್ನುವುದು ನಡೆಯುವ ಮಾತಲ್ಲ. ಮೊಬೈಲ್ ನೋಡುತ್ತ ಉಣ್ಣಿಸಬೇಡಿ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಅಥವಾ ಬಿಸಿಲು ಇಳಿದ ಮೇಲೆ. ‘ಡುಮ್ಮ’ ಎಂದು ಕರೆಯುವ ಬಂಧುಗಳ ಬಾಯಿಗೆ ನೀವೇ ಬೀಗ ಹಾಕಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುತ್ತೇನೆ. ತೂಕ ಇಳಿಸಲು ರಾತ್ರಿ ಉಪವಾಸ ಮಾಡಬಹುದೆ?
– ಓದುಗರು, ಶಹಾಪುರ

ಉತ್ತರ: ವೈದ್ಯರು ಮಾತ್ರೆಯ ಪ್ರಮಾಣ ಬದಲಿಸದ ಹೊರತು ಬೇಡ. ಈ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ ಬಂದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಂಟರೊಳಗೆ ಎರಡು ರೊಟ್ಟಿ, ಪಲ್ಯ, ಬೇಳೆ ಉಂಡು ಅಂಗಳದಲ್ಲಿ ಹದಿನೈದು ನಿಮಿಷ ಅಡ್ಡಾಡಿ.

ಪ್ರಶ್ನೆ: ಸಿರಿಧಾನ್ಯದ ಬಿಸ್ಕತ್ತು ಒಳ್ಳೆಯದೆ?
– ಓದುಗರು, ಕಲಬುರಗಿ

ಉತ್ತರ: ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೈದಾ, ಸಕ್ಕರೆ, ತಾಳೆ ಎಣ್ಣೆ ಮುಂದಿದ್ದು ರಾಗಿ, ಸಜ್ಜೆ ಹಿಂದಿದ್ದರೆ ಅದು ಮಾಮೂಲಿ ಬಿಸ್ಕತ್ತೇ.